ದೊಡ್ಡಮ್ಮ ಬೈಯುವುದನ್ನು ನಿಲ್ಲಿಸಿದ ವರ್ಷ

ಕಡಬ ಪೇಟೆಯಲ್ಲಿ ನಾನು ಆಗಾಗ ಲಿಂಬೆ ಶರಬತ್ತು ಕುಡಿಯುವ ಅಂಗಡಿಯೊಂದಿದೆ. ಅದರ ಫ್ರಿಜ್ಜಿನ ಗಾಜಿನ ಬಾಗಿಲ ಮೇಲೆ ಈಚೆಗೆ ಒಂದು ಸ್ಟಿಕ್ಕರ್ ಬಂದಿದೆ. ಕೂದಲು ಕೆದರಿಕೊಂಡ ಒಬ್ಬಳು ಹುಡುಗಿ, ಹೆಗಲಿಗೆ ಗಿಟಾರು, ಕೆಳಗೆ ದಪ್ಪ ಅಕ್ಷರದಲ್ಲಿ 'ಬಾಗಿಲು ಹಾಕು'. ಅಂಗಡಿಯವರಿಗೆ ಸಂಗೀತದ ಮೇಲೆ ವಿಶೇಷ ಪ್ರೀತಿ ಇದ್ದಂತೆ ಕಾಣುವುದಿಲ್ಲ. ಶಾಲೆ ಬಿಟ್ಟು ಬರುವ ಮಕ್ಕಳು ಐಸ್‌ಕ್ರೀಂ ತೆಗೆದು ಫ್ರಿಜ್ಜಿನ ಬಾಗಿಲು ಹಾಕದೆ ಹೋಗುತ್ತಾರೆ, ಅದೇ ಅವರ ತಲೆನೋವು. ನಾನು ಹೇಳಿದರೆ ಕೇಳದವರು ಈ ಹುಡುಗಿ ಹೇಳಿದ ಮೇಲೆ ಕೇಳುತ್ತಿದ್ದಾರೆ ಎಂದು ಅವರು ಸಮಾಧಾನದಿಂದ ಹೇಳಿದರು. ರಾಕ್ ಸಂಗೀತದಿಂದ ಕರೆಂಟು ಬಿಲ್ಲು ಇಳಿದದ್ದು ಇದೇ ಮೊದಲಿರಬಹುದು.

ಆ ಹುಡುಗಿ ನನ್ನ ದೊಡ್ಡಮ್ಮನ ಮಗಳು ಎಂದು ನಾನು ಅವರಿಗೆ ಹೇಳಲಿಲ್ಲ. ನಾನು ಪಾಠ ಮಾಡುವ ರಾಮಕುಂಜದ ಕಾಲೇಜಿನಲ್ಲೂ ಯಾರಿಗೂ ಹೇಳಿಲ್ಲ. ಗುಟ್ಟೇನೂ ಅಲ್ಲ. ಹೇಳಿದರೆ ಮುಂದಿನ ಪ್ರಶ್ನೆಗಳು ಬರುತ್ತವೆ, ಅವಕ್ಕೆ ಉತ್ತರ ಕೊಡುವ ಉತ್ಸಾಹ ನನ್ನಲ್ಲಿಲ್ಲ. ಶರಬತ್ತು ಮುಗಿಸಿ, ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಅಭ್ಯಾಸಬಲದಿಂದ ಒಮ್ಮೆ ನೋಡಿ, ಬಸ್ಸು ಹತ್ತಿದೆ. ಈ ಅಭ್ಯಾಸ ನನಗೆ ಸ್ಟಿಕ್ಕರಿನಿಂದ ಬಂದದ್ದಲ್ಲ, ದೊಡ್ಡಮ್ಮನಿಂದ ಬಂದದ್ದು. ಯಾಕೆಂದರೆ ಇಡೀ ರಾಜ್ಯದ ಹುಡುಗರು ಕೈ ಎತ್ತಿ ಕೂಗುವ 'ಬಾಗಿಲು ಹಾಕು' ಎಂಬ ಅವಳ ಹಾಡಿನಲ್ಲಿ ಇರುವುದು ಐವರ್ನಾಡಿನ ನಮ್ಮ ದೊಡ್ಡಮ್ಮನ ಬೈಗಳು.

ಬೈಗಳು ಎಂದರೆ ನೀವು ಬೇರೆ ಏನನ್ನೂ ಊಹಿಸಬೇಡಿ. ದೊಡ್ಡಮ್ಮ ಕೆಟ್ಟ ಮಾತು ಆಡಿದವಳಲ್ಲ. ಅವಳ ಬೈಗಳೆಲ್ಲ ಆಜ್ಞೆಗಳು:

ಬಾಗಿಲು ಹಾಕು, ಚಿಲಕ ಹಾಕು,
ಕೊಡೆಯನ್ನು ಹೊರಗೆ ಇಡು,
ಕೂದಲು ಕಟ್ಟು, ಕಾಲು ಮಡಚು,
ಹಲ್ಲು ಕಿಸಿಯುದು ಬಿಡು.

ಇದರಲ್ಲಿ ಹಾಡಿದವಳು, ದೊಡ್ಡಮ್ಮನ ಮಗಳು ನಿಶ್ಮಿತಕ್ಕನದು ಎಂದು ಒಂದು ಪದವೂ ಇಲ್ಲ. ಅವಳು ಮಾಡಿದ್ದೆಂದರೆ ಸಾಲು ಮುರಿದದ್ದು, ಆಮೇಲೆ ಗಿಟಾರಿನ ತಂತಿಗಳನ್ನು ಒಟ್ಟಿಗೆ ಬಡಿದದ್ದು. ಸಂದರ್ಶನಗಳಲ್ಲಿ ಮಾತ್ರ ಅವಳು, ನನ್ನ ಸಂಗೀತ ಪಶ್ಚಿಮಘಟ್ಟದ ತಪ್ಪಲಿನ ಮೌನದಿಂದ ಹುಟ್ಟಿತು ಎನ್ನುತ್ತಾಳೆ. ಆ ಮನೆಯಲ್ಲಿ ರಜೆಗಳನ್ನೆಲ್ಲ ಕಳೆದವಳಾಗಿ ನಾನು ಹೇಳಬಲ್ಲೆ, ಅಲ್ಲಿ ಮೌನ ಇದ್ದದ್ದು ದೊಡ್ಡಮ್ಮ ರಬ್ಬರ್ ತೋಟಕ್ಕೆ ಹೋದಾಗ ಮಾತ್ರ.

ಇನ್ನೊಂದು ವಿಷಯ. ಆ ಮನೆಯ ಮಾತು ತುಳು. ಊಟಕ್ಕೆ ಕರೆಯುವುದು, ಜ್ವರ ಬಂದರೆ ಹಣೆ ಮುಟ್ಟಿ ವಿಚಾರಿಸುವುದು, ನೆರೆಯವರ ಸುದ್ದಿ ಹೇಳುವುದು ಎಲ್ಲ ತುಳುವಿನಲ್ಲಿ. ಬೈಯುವುದು ಮಾತ್ರ ಕನ್ನಡದಲ್ಲಿ. ದೊಡ್ಡಮ್ಮನ ಅಪ್ಪ, ಎಂದರೆ ನನ್ನ ಅಜ್ಜ, ಪ್ರಾಥಮಿಕ ಶಾಲೆಯ ಮಾಸ್ಟ್ರು. ಮನೆಯಲ್ಲಿ ಮಕ್ಕಳನ್ನು ಗದರಿಸಬೇಕಾದಾಗ ಅವರು ಶಾಲೆಯ ಭಾಷೆಗೆ ಬದಲಾಗುತ್ತಿದ್ದರಂತೆ. ಆ ಕ್ರಮ ಮಗಳಿಗೂ ಬಂತು. ದೊಡ್ಡಮ್ಮ ಅಡುಗೆಮನೆಯಿಂದ ಕನ್ನಡದಲ್ಲಿ ಹೆಸರು ಕೂಗಿದಳೆಂದರೆ ನಾವಿಬ್ಬರೂ ಮೊದಲು ಕಾಲು ಮಡಚಿ ಕುಳಿತು, ತಪ್ಪು ಯಾವುದೆಂದು ಆಮೇಲೆ ಯೋಚಿಸುತ್ತಿದ್ದೆವು. ನಾನು ಕನ್ನಡದಲ್ಲಿ ಎಂ.ಎ. ಮಾಡುತ್ತೇನೆ ಎಂದಾಗ ನಿಶ್ಮಿತಕ್ಕ, ಎರಡು ವರ್ಷ ಬೈಸಿಕೊಳ್ಳಲಿಕ್ಕೆ ಫೀಸು ಬೇರೆ ಕಟ್ಟುತ್ತೀಯಾ ಎಂದು ಕೇಳಿದ್ದಳು.

ಅವಳ ಸಂಗೀತ ಶುರುವಾದದ್ದು ರಬ್ಬರ್ ಶೀಟು ಒತ್ತುವ ಯಂತ್ರದ ಬಳಿ. ಹೆಪ್ಪುಗಟ್ಟಿದ ರಬ್ಬರ್ ಹಾಲನ್ನು ಎರಡು ಉರುಳೆಗಳ ನಡುವೆ ಕೊಟ್ಟು, ಕೈಯಲ್ಲಿ ಹಿಡಿ ತಿರುಗಿಸಿ ತೆಳ್ಳಗೆ ಮಾಡುವ ಯಂತ್ರ ಅದು. ಹಿಡಿ ತಿರುಗಿಸುವಾಗ 'ಗಟರ್ ಗಟರ್ ಟಕ್' ಎಂದು ಒಂದು ಸದ್ದು ಬರುತ್ತಿತ್ತು. ಹಲ್ಲುಚಕ್ರದ ಒಂದು ಹಲ್ಲು ಸವೆದುಹೋಗಿ ಹಾಗೆ ಆದದ್ದು. ನಾನು ತಿರುಗಿಸುತ್ತಿದ್ದೆ, ಅವಳು ಹಾಡುತ್ತಿದ್ದಳು. ಹಾಗಾಗಿ ಅವಳ ಮೊದಲ ತಂಡದ ತಾಳವಾದ್ಯ ನಾನೇ. ಒಮ್ಮೆ ಹಿನ್ನೆಲೆಯಲ್ಲಿ ಹಾಡುವ ಅವಕಾಶವನ್ನೂ ಕೊಟ್ಟಳು. ಸ್ವಲ್ಪ ಹೊತ್ತು ಕೇಳಿ, ನೀನು ಬಾಯಿ ಆಡಿಸಿದರೆ ಸಾಕು, ಸ್ವರ ಬೇಡ ಎಂದು ಬಹಳ ಗೌರವದಿಂದ ಹೇಳಿದಳು. ಆ ಸಲಹೆಯನ್ನು ನಾನು ರಾಷ್ಟ್ರಗೀತೆಗೂ ಪಾಲಿಸಿಕೊಂಡು ಬಂದಿದ್ದೇನೆ.

ಕಾಲೇಜಿಗೆ ಹೋದಾಗ ಯಾರೋ ಹಳೆಯ ಗಿಟಾರು ಕೊಟ್ಟರು. ಮನೆಯಲ್ಲಿ ಅದನ್ನು ಇಡಲಿಕ್ಕೆ ಜಾಗ ಸಿಕ್ಕಿದ್ದು ಶೀಟುಗಳನ್ನು ಹೊಗೆಗೆ ಒಣಹಾಕುವ ಗೂಡಿನ ಅಟ್ಟದಲ್ಲಿ. ಅಭ್ಯಾಸವೂ ಅಲ್ಲೇ. ಹೊಗೆ ಹಿಡಿದ ರಬ್ಬರಿನ ವಾಸನೆ ಗೊತ್ತಿದ್ದವರಿಗೆ ನಾನು ವಿವರಿಸಬೇಕಾಗಿಲ್ಲ. ಗೊತ್ತಿಲ್ಲದವರಿಗೆ ವಿವರಿಸಿ ಪ್ರಯೋಜನವಿಲ್ಲ. ಪುತ್ತೂರಿನಲ್ಲಿ ಒಂದು ಭಾವಗೀತೆ ಸ್ಪರ್ಧೆಗೆ ಅವಳು ಆ ವಾಸನೆ ಹಿಡಿದ ಗಿಟಾರಿನೊಂದಿಗೆ ಹೋದಳು. ಎರಡು ಸಾಲು ಹಾಡುವಷ್ಟರಲ್ಲಿ ತೀರ್ಪುಗಾರರೊಬ್ಬರು ಕೈ ಎತ್ತಿ ನಿಲ್ಲಿಸಿ, ಹಿಂದೆ ಎಲ್ಲಿಯೋ ವಯರು ಸುಡುತ್ತಿದೆ, ಮೊದಲು ನೋಡಿ ಎಂದರು. ಮೂರು ಜನ ಎದ್ದು ಸ್ವಿಚ್ ಬೋರ್ಡು ಹುಡುಕಿದರು. ಅವಳಿಗೆ ಸಮಾಧಾನಕರ ಬಹುಮಾನವಾಗಿ ಒಂದು ಸ್ಟೀಲಿನ ಬೋಗುಣಿ ಬಂತು. ದೊಡ್ಡಮ್ಮ ಅದರಲ್ಲಿ ಈಗಲೂ ಅಕ್ಕಿ ನೆನೆಹಾಕುತ್ತಾಳೆ.

ಆಮೇಲೆ ಕೆಲವು ವರ್ಷ ಮದುವೆಯ ಮೆಹಂದಿ ಕಾರ್ಯಕ್ರಮಗಳಲ್ಲಿ ಹಾಡಿದಳು. ಅಲ್ಲಿ ಸಿನಿಮಾದ ಹಾಡೇ ಆಗಬೇಕು. ಬೆಟ್ಟಂಪಾಡಿಯ ಒಂದು ಮೆಹಂದಿಯಲ್ಲಿ ಧೈರ್ಯ ಮಾಡಿ ತಾನೇ ಬರೆದದ್ದೊಂದನ್ನು ನಡುವೆ ತೂರಿಸಿದಳು. ಮದುಮಗಳ ಮಾವ ವೇದಿಕೆಯ ಹತ್ತಿರ ಬಂದು, ಇದು ಯಾವ ಸಿನಿಮಾದ್ದು ಎಂದು ಕೇಳಿದರಂತೆ. ಇನ್ನೂ ಬಂದಿಲ್ಲ ಎಂದಳು ಇವಳು. ಅವರು ಯೋಚಿಸಿ, ಹಾಗಾದರೆ ಬಂದ ಮೇಲೆ ಹಾಡು ಎಂದು ಹೇಳಿ ಊಟಕ್ಕೆ ಹೋದರು.

ಅವಳ ಹಾಡು ಬಂದದ್ದು ಸಿನಿಮಾದಲ್ಲಲ್ಲ, ಫೋನಿನಲ್ಲಿ. ಆ ಹೊತ್ತಿಗೆ ನಿಶ್ಮಿತಕ್ಕ ಮಂಗಳೂರಿನಲ್ಲಿ ತಾನಾಗಿ ಮುಚ್ಚುವ ಬಾಗಿಲಿನ ಫ್ಲ್ಯಾಟು ಹಿಡಿದು, ರೋಶನ್ ಎಂಬ ಡ್ರಮ್ ಬಾರಿಸುವ ಹುಡುಗನನ್ನೂ ಇನ್ನಿಬ್ಬರನ್ನೂ ಸೇರಿಸಿ ತಂಡ ಕಟ್ಟಿದ್ದಳು. 'ಬಾಗಿಲು ಹಾಕು' ಹಾಡಿನ ಮೊದಲ ಸಾಲುಗಳ ಒಂದು ತುಣುಕು ರೀಲ್ಸ್‌ನಲ್ಲಿ ಓಡಿತು. ಮದುಮಕ್ಕಳು ಕುಣಿದರು, ಪೊಲೀಸರು ಕುಣಿದರು, ಒಂದು ನಾಯಿಯೂ ಬಾಗಿಲು ಹಾಕಿತು. ಅವಳು ನಿಶ್ಮಿತಾ ಹೋಗಿ 'ನಿಶ್ಮಿ' ಆದಳು. ಊರೂರಿನಿಂದ ಕರೆ ಬಂತು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅದುವರೆಗೆ ಅವಳ ಬಗ್ಗೆ ಮಾತೇ ಆಡದಿದ್ದವರು ಬೆಳಗಾದರೆ ಹೂವಿನ ಚಿತ್ರ ಕಳಿಸತೊಡಗಿದರು.

ದೊಡ್ಡಮ್ಮ ನೋಡಿದ್ದು ಆ ತುಣುಕನ್ನೇ. ಸುಳ್ಯದ ಹತ್ತಿರ ಯಾರದೋ ಹೊಸ ಮನೆಯ ಒಕ್ಕಲಿಗೆ ಹೋಗಿದ್ದಾಗ ಅವಳು ಒಳಗೆ ಕಾಲಿಡುತ್ತಿದ್ದಂತೆ ಕೆಲವು ಹುಡುಗಿಯರು ಒಟ್ಟಾಗಿ 'ಬಾಗಿಲು ಹಾಕು, ಚಿಲಕ ಹಾಕು' ಎಂದು ಹಾಡಿ ನಕ್ಕರಂತೆ. ಅವರಿಗೆ ಅದು ಸ್ವಾಗತ. ಪ್ರಸಿದ್ಧ ಗಾಯಕಿಯ ತಾಯಿ ಎಂಬ ಪ್ರೀತಿ. ದೊಡ್ಡಮ್ಮ ಪಾಯಸಕ್ಕೆ ಕಾಯದೆ ಎದ್ದು ಬಂದಳು.

ಅಂದಿನಿಂದ ಅವಳು ಮಗಳಿಗೆ ಬೈಯುವುದನ್ನು ನಿಲ್ಲಿಸಿದಳು.

ಇದು ಅರ್ಥವಾಗಲು ನಿಶ್ಮಿತಕ್ಕನಿಗೇ ಸ್ವಲ್ಪ ದಿನ ಬೇಕಾಯಿತು. ಫೋನಿನಲ್ಲಿ ಜಗಳವಿಲ್ಲ, ಮುನಿಸಿಲ್ಲ. ಊಟ ಆಯಿತೇ, ಆರೋಗ್ಯ ಹೇಗಿದೆ, ಅಲ್ಲಿ ಮಳೆ ಉಂಟೇ ಎಂದು ಮೃದುವಾದ ತುಳುವಿನಲ್ಲಿ ವಿಚಾರಿಸಿ ಇಟ್ಟುಬಿಡುತ್ತಾಳೆ. ಮನೆಗೆ ಹೋದರೆ ಇವಳು ಒದ್ದೆ ಕೊಡೆಯನ್ನು ಬೇಕೆಂದೇ ಚಾವಡಿಯ ನಡುವೆ ಬಿಡಿಸಿಟ್ಟಳಂತೆ. ದೊಡ್ಡಮ್ಮ ಅದನ್ನು ತೆಗೆದು ಹೊರಗಿಟ್ಟು, ನೆಲ ಒರೆಸಿ, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದಳಂತೆ. ಸ್ವಂತ ಮಗಳಿಗೆ ಸಕ್ಕರೆ ಎಷ್ಟೆಂದು ಕೇಳುವುದು. ನಿಶ್ಮಿತಕ್ಕ ನನ್ನ ಬಳಿ ಅದನ್ನು ಹೇಳುವಾಗ ಅವಳ ಸ್ವರ, ಸಾವಿರಾರು ಜನರನ್ನು ಕುಣಿಸುವ ಆ ಸ್ವರ, ಸ್ವಲ್ಪ ಸಣ್ಣದಾಗಿತ್ತು.

"ಅಮ್ಮ ನನ್ನನ್ನು ನೆಂಟರ ಹಾಗೆ ಮಾಡಿದ್ದಾಳೆ, ಮಾರಾಯ್ತಿ."

ಪೂರ್ತಿ ಹಾಡು ಕೇಳಿಸಬಾರದೇ ಎಂದೆ. ಆ ತುಣುಕಿನಲ್ಲಿ ಇರುವುದು ಬೈಗಳು ಮಾತ್ರ. ಹಾಡಿನ ಕೊನೆಯಲ್ಲಿ ನಿಶ್ಮಿತಕ್ಕನೇ ಬರೆದ ನಾಲ್ಕು ಸಾಲುಗಳಿವೆ, ರೀಲ್ಸ್ ಮಾಡುವವರು ಯಾರೂ ಅಲ್ಲಿಯವರೆಗೆ ಹೋಗಿಲ್ಲ. ಅವಳು ಕೇಳಿಸಲು ಪ್ರಯತ್ನಿಸಿದ್ದಳು. ದೊಡ್ಡಮ್ಮ ಫೋನನ್ನು ಮೆಲ್ಲಗೆ ಹಿಂದೆ ಕೊಟ್ಟು, ನಾನು ಹೇಳಿದ್ದೇ ಅಲ್ಲವಾ, ನನಗೆ ಗೊತ್ತುಂಟು ಎಂದಿದ್ದಳು. ಕಾರ್ಯಕ್ರಮಕ್ಕೆ ಕರೆದರೆ ರಬ್ಬರ್ ಹಾಲಿನ ನೆಪ. ಬೆಳಿಗ್ಗೆ ಹಾಲು ತರಬೇಕು, ಟ್ರೇಗೆ ಹೊಯ್ದು ಹೆಪ್ಪುಗಟ್ಟಲು ಆಸಿಡ್ ಹಾಕಬೇಕು, ಶೀಟು ಒತ್ತಬೇಕು, ಬಿಟ್ಟು ಬರಲಿಕ್ಕಾಗುವುದಿಲ್ಲ. ರಬ್ಬರ್ ಬೆಳೆಯುವವರು ಎಷ್ಟು ಸಭೆ ಸಮಾರಂಭಗಳನ್ನು ಈ ಒಂದೇ ಮಾತಿನಿಂದ ತಪ್ಪಿಸಿಕೊಂಡಿದ್ದಾರೋ.

ಇದರ ನಡುವೆ ಇನ್ನೊಂದು ತೊಂದರೆ, ಅದನ್ನು ಹೇಳಿದರೆ ನೀವು ನಗಬಹುದು. ಹೊಸ ಹಾಡು ಬರುತ್ತಿರಲಿಲ್ಲ. ಮೌನದಿಂದ ಹುಟ್ಟುವ ಸಂಗೀತಕ್ಕೆ ಈಗ ಬೇಕಾದಷ್ಟು ಮೌನ ಸಿಕ್ಕಿತ್ತು, ಹುಟ್ಟುತ್ತಿರಲಿಲ್ಲ. ನಾನು ಇದನ್ನು ಅವಳಿಗೆ ತೋರಿಸಿಕೊಟ್ಟೆ. ಅವಳು ಒಂದು ವಾರ ನನಗೆ ಮೆಸೇಜು ಮಾಡಲಿಲ್ಲ.

ಆಗ ಬಂತು ಪುತ್ತೂರಿನ ಸನ್ಮಾನ. ಅಲ್ಲಿಯ ಒಂದು ಯುವಕ ಮಂಡಲದ ಕಾರ್ಯದರ್ಶಿ ಪ್ರವೀಣಣ್ಣ, ವಾರ್ಷಿಕೋತ್ಸವದಲ್ಲಿ ಅವಳಿಗೆ ಸನ್ಮಾನ, ಆಮೇಲೆ ಅವಳದೇ ಹಾಡು ಎಂದು ಕೇಳಿಕೊಂಡರು. ದಿನ ಯಾವುದೆಂದು ನಿಶ್ಮಿತಕ್ಕನೇ ಹೇಳಿದಳು: ರಬ್ಬರ್ ಮರಗಳು ಎಲೆ ಉದುರಿಸಿ ನಿಲ್ಲುವ ಕಾಲ, ಮರ ಕೆತ್ತುವ ಟ್ಯಾಪಿಂಗ್ ಇಲ್ಲ, ಹಾಲಿಲ್ಲ, ಆಸಿಡ್ ಇಲ್ಲ. ರಾಕ್ ಗಾಯಕಿಯೊಬ್ಬಳು ತನ್ನ ಕಾರ್ಯಕ್ರಮದ ದಿನವನ್ನು ರಬ್ಬರ್ ಮರ ನೋಡಿ ಗೊತ್ತುಮಾಡಿದ್ದು ಸಂದರ್ಶನಗಳಲ್ಲಿ ಬಂದಿಲ್ಲ. ದೊಡ್ಡಮ್ಮನಿಗೆ ನೆಪ ಉಳಿಯಲಿಲ್ಲ. ಸನ್ಮಾನ ಎಂಬ ಶಬ್ದಕ್ಕೂ ಅವಳಲ್ಲಿ ಗೌರವವಿತ್ತು. ಅವಳ ಅಪ್ಪ ಮಾಸ್ಟ್ರಿಗೆ ನಿವೃತ್ತಿಯ ದಿನ ಹೊದೆಸಿದ ಶಾಲು ಇನ್ನೂ ಅವಳ ಪೆಟ್ಟಿಗೆಯಲ್ಲಿದೆ. ಬರುತ್ತೇನೆ, ಶಾಲು ಹಾಕುವವರೆಗೆ ಕುಳಿತು ಐದೂವರೆಯ ಬೆಳ್ಳಾರೆ ಬಸ್ಸಿಗೆ ಹೋಗುತ್ತೇನೆ ಎಂದಳು. ಹಾಡಿನ ಮಾತು ಎತ್ತಲಿಲ್ಲ.

ಅಭಿನಂದನಾ ಭಾಷಣ ನನ್ನ ಪಾಲಿಗೆ ಬಂತು. ಪ್ರವೀಣಣ್ಣನಿಗೆ ನಾನು ತಂಗಿ ಎಂಬುದು ಹೇಗೋ ಗೊತ್ತಾಗಿತ್ತು, ಎಂ.ಎ. ಎಂಬುದೂ. ಬೇಡವೆಂದರೂ ಕೇಳಲಿಲ್ಲ. ನಾನು ಕುಳಿತು ನಾಲ್ಕು ಪುಟ ಬರೆದೆ. ಅದರಲ್ಲಿ 'ನೆಲದ ಸೊಗಡು' ಎಂಬ ಮಾತು ಎರಡು ಕಡೆ ಇತ್ತು, ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

ನಮ್ಮ ಕಡೆಯ ಸಭೆಗಳಿಗೆ ಹೋದವರಿಗೆ ಮುಂದಿನದು ಗೊತ್ತಿರುತ್ತದೆ. ಮೂರು ಗಂಟೆಗೆ ಶುರುವಾಗಬೇಕಾದದ್ದು ಮುಖ್ಯ ಅತಿಥಿಗಳು ಬಂದ ಮೇಲೆ ಶುರುವಾಯಿತು. ಪ್ರಾರ್ಥನೆ, ದೀಪ, ಸ್ವಾಗತ, ಪ್ರಸ್ತಾವನೆ. ವೇದಿಕೆಯಲ್ಲಿ ಇದ್ದವರಿಗೆಲ್ಲ ಹೂಗುಚ್ಛ, ಕೆಳಗೆ ಕುಳಿತಿದ್ದ ಇಬ್ಬರು ಮುನಿಸಿಕೊಂಡಾರೆಂದು ಅವರನ್ನೂ ಮೇಲೆ ಕರೆದು ಹೂಗುಚ್ಛ. ಆಮೇಲೆ ಭಾಷಣ. ಪ್ರತಿಯೊಬ್ಬರೂ, ಇವತ್ತು ನಾವು ಕೇಳಬೇಕಾದ್ದು ಹಾಡು, ನನ್ನ ಮಾತಲ್ಲ ಎಂದು ಆರಂಭಿಸಿ, ಅದನ್ನು ಸಮರ್ಥಿಸಲು ಬಹಳ ಹೊತ್ತು ತೆಗೆದುಕೊಂಡರು. ಒಬ್ಬರು ಸಂಗೀತದ ಚರಿತ್ರೆಯನ್ನು ವೇದಕಾಲದಿಂದ ಹಿಡಿದರು. ಇನ್ನೊಬ್ಬರು ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಹೋಗಿ ಅಲ್ಲಿಂದ ಹಿಂದೆ ಬರಲಿಲ್ಲ. ನಿಶ್ಮಿತಕ್ಕ ಎತ್ತರದ ಕುರ್ಚಿಯಲ್ಲಿ, ಶಾಲು, ಹಾರ, ತಲೆಗೆ ಪೇಟ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಹಣ್ಣಿನ ಮರೆಯಲ್ಲಿ ಅವಳ ಮುಖದ ಅರ್ಧ ಮಾತ್ರ ಕಾಣುತ್ತಿತ್ತು. ಗೌರವಿಸಲು ಕರೆದವರನ್ನು ಕೈಕಾಲು ಆಡದಂತೆ ಮಾಡುವ ಕಲೆ ನಮ್ಮವರಿಗೆ ಚೆನ್ನಾಗಿ ಗೊತ್ತು. ಹಿಂದೆ ರೋಶನ್ ತನ್ನ ಡ್ರಮ್ಮುಗಳ ನಡುವೆ ಕೈ ಕಟ್ಟಿ ಕುಳಿತಿದ್ದ. ಸಭಾಭವನದಲ್ಲಿ ರಾತ್ರಿ ಒಂದು ಮೆಹಂದಿ ಇತ್ತು, ಅಲಂಕಾರದವರು ಹೂವಿನ ಚೀಲಗಳೊಂದಿಗೆ ಆಗಲೇ ಬಾಗಿಲಲ್ಲಿ ನಿಂತಿದ್ದರು.

ದೊಡ್ಡಮ್ಮ ಮೂರನೇ ಸಾಲಿನಲ್ಲಿದ್ದಳು. ಶಾಲು ಹಾಕುವಾಗ ಸೀರೆಯ ಸೆರಗು ಸರಿಮಾಡಿಕೊಂಡಳು, ತನಗೇ ಹಾಕುತ್ತಿದ್ದಾರೇನೋ ಎಂಬಂತೆ. ಆಮೇಲೆ ಅವಳ ಲಕ್ಷ್ಯವೆಲ್ಲ ಬಸ್ಸಿನ ಹೊತ್ತಿನ ಮೇಲೆ. ಪ್ರವೀಣಣ್ಣ ನನ್ನ ಹೆಸರು ಕರೆಯುವಾಗ ಐದು ದಾಟಿತ್ತು. ಮೈಕಿನ ಮುಂದೆ ನಿಂತು ನಾಲ್ಕು ಪುಟ ಬಿಡಿಸಿ ತಲೆ ಎತ್ತಿದೆ. ದೊಡ್ಡಮ್ಮ ಬಗ್ಗಿ ಕುರ್ಚಿಯ ಅಡಿಯಿಂದ ಚೀಲ ತೆಗೆಯುತ್ತಿದ್ದಳು.

ಕಾಗದ ಮಡಚಿದೆ. ಏನು ಹೇಳಿದೆ ಎಂದು ನನಗೆ ಸರಿಯಾಗಿ ನೆನಪಿದೆ, ಬಹಳ ಇಲ್ಲದ್ದರಿಂದ.

"ನಿಶ್ಮಿತಾ ನನ್ನ ಅಕ್ಕ. ಅವಳ ಬಗ್ಗೆ ಹೇಳ್ಲಿಕ್ಕೆ ಇರುದು ಅವಳ ಹಾಡಿನಲ್ಲೇ ಉಂಟು. ಈಗ ಹಾಡ್ತಾಳೆ."

ಚಪ್ಪಾಳೆ ಬರಲು ಸ್ವಲ್ಪ ತಡವಾಯಿತು. ಮುಗಿಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಇನ್ನೂ ಅಧ್ಯಕ್ಷೀಯ ಭಾಷಣ ಉಂಟು ಮಾರಾಯ್ರೆ ಎಂದು ಪ್ರವೀಣಣ್ಣ ನನ್ನ ಕಿವಿಯಲ್ಲಿ ಹೇಳಿದರು. ಅಷ್ಟರಲ್ಲಿ ನಿಶ್ಮಿತಕ್ಕ ಹಣ್ಣಿನ ಬುಟ್ಟಿಯನ್ನು ಅಧ್ಯಕ್ಷರ ಮಡಿಲಲ್ಲಿಟ್ಟು ಎದ್ದಾಗಿತ್ತು. ಅವರು ಅದನ್ನು ಬಿಟ್ಟು ಏಳುವಂತಿರಲಿಲ್ಲ. ಪೇಟ ತೆಗೆಯಲು ಮರೆತು ಅವಳು ಗಿಟಾರು ಹಾಕಿಕೊಂಡಳು.

ಮೊದಲ ಬಡಿತಕ್ಕೇ ಹಿಂದಿನ ಸಾಲಿನ ಹುಡುಗರು ಎದ್ದರು. 'ಬಾಗಿಲು ಹಾಕು' ಎಂದು ಇಡೀ ಭವನ ಕೂಗಿತು. ಹೂವಿನ ಚೀಲದವರೂ ಕೂಗಿದರು. ದೊಡ್ಡಮ್ಮ ಚೀಲ ಎದೆಗೆ ಒತ್ತಿ, ಯಾರ ಮುಖವನ್ನೂ ನೋಡದೆ, ಕುರ್ಚಿಗಳ ಪಕ್ಕದ ದಾರಿಯಲ್ಲಿ ಬಾಗಿಲ ಕಡೆಗೆ ಹೋಗುತ್ತಿದ್ದಳು. ನಾನು ವೇದಿಕೆಯ ಬದಿಯಿಂದ ನೋಡುತ್ತಿದ್ದೆ. ಓಡಿಹೋಗಿ ಕೈ ಹಿಡಿಯಬೇಕೆನಿಸಿತು. ನಾನು ಹಾಗೆ ಮಾಡುವವಳಲ್ಲ, ಅವಳು ಹಾಗೆ ಮಾಡಿಸಿಕೊಳ್ಳುವವಳೂ ಅಲ್ಲ.

ನಿಶ್ಮಿತಕ್ಕನೂ ನೋಡಿದಳು. ಹಾಡಿನ ನಡುವೆ ಎಲ್ಲರೂ ಕುಣಿಯುವ ಉದ್ದದ ಭಾಗವೊಂದಿದೆ. ಅದನ್ನು ಪೂರ್ತಿ ಬಿಟ್ಟು, ರೋಶನ್ ಕಡೆಗೆ ಕೈ ತೋರಿಸಿ ಡ್ರಮ್ ನಿಲ್ಲಿಸಿ, ಸೀದಾ ಕೊನೆಗೆ ಬಂದಳು. ಕುಣಿಯುತ್ತಿದ್ದ ಹುಡುಗರು ಎತ್ತಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ನಿಂತರು. ಗಿಟಾರಿನ ಒಂದೇ ತಂತಿಯ ಮೇಲೆ ಅವಳು ಹಾಡಿದಳು:

ಇಲ್ಲಿನ ಬಾಗಿಲು ತಾನೇ ಮುಚ್ತದೆ,
ಹೇಳುವವರು ಯಾರೂ ಇಲ್ಲ.
ಆದರೂ ಎದ್ದು ನೋಡಿ ಬರ್ತೇನೆ,
ಹೇಳಿದ ಹಾಗೆ ಆಯ್ತಲ್ಲ.

ದೊಡ್ಡಮ್ಮ ಹೊಸ್ತಿಲ ಹತ್ತಿರ ನಿಂತಿದ್ದಳು. ತಿರುಗಲಿಲ್ಲ. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು, ಬೆನ್ನಿನಿಂದ ಏನೂ ತಿಳಿಯುವುದಿಲ್ಲ. ನಿಶ್ಮಿತಕ್ಕ ಆ ಸಾಲುಗಳನ್ನು ಇನ್ನೊಮ್ಮೆ ಹಾಡಿದಳು. ಹೊರಗೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಬೆಳ್ಳಾರೆ ಬೋರ್ಡಿನ ಬಸ್ಸು ಹೋದದ್ದನ್ನು ದೊಡ್ಡಮ್ಮ ನೋಡಿರಲೇಬೇಕು, ಅವಳ ಮುಖ ಇದ್ದದ್ದು ಆ ಕಡೆಗೇ.

ಹಾಡು ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಗೆ ನಾನೂ ಹೋದೆ. ರೋಶನ್ ಒಂದು ಕುರ್ಚಿಯ ಮೇಲೆ ಕುಳಿತು ನೀರು ಕುಡಿಯುತ್ತಿದ್ದ. ಇನ್ನೊಂದರಲ್ಲಿ ನಿಶ್ಮಿತಕ್ಕ ಪೇಟವನ್ನು ಕೈಯಲ್ಲಿ ಹಿಡಿದು ಬಾಗಿಲನ್ನೇ ನೋಡುತ್ತಿದ್ದಳು. ದೊಡ್ಡಮ್ಮ ಬಂದಳು. ಬಂದು, ಮಗಳನ್ನು ಬಿಟ್ಟು ನಮ್ಮನ್ನೆಲ್ಲ ಒಮ್ಮೆ ನೋಡಿ, ಹಾಡು ಒಳ್ಳೆಯದಿತ್ತು, ಆಯಾಸ ಆಗಿರಬೇಕು, ಹಣ್ಣು ತಿನ್ನಿ ಎಂದು ತುಳುವಿನಲ್ಲಿ ಹೇಳಿದಳು. ನೆಂಟರಿಗೆ ಹೇಳಿದ ಹಾಗೆಯೇ. ನಿಶ್ಮಿತಕ್ಕ ತಲೆ ತಗ್ಗಿಸಿದಳು. ನನಗೂ ಎಲ್ಲ ಮುಗಿಯಿತೆನಿಸಿತು. ದೊಡ್ಡಮ್ಮ ಹೊರಡಲು ತಿರುಗಿದಳು, ಎರಡು ಹೆಜ್ಜೆ ಹಾಕಿ ನಿಂತಳು.

"ತಾನೇ ಮುಚ್ಚುವ ಬಾಗಿಲಾದ್ರೆ ಎಂತ? ಒಳಗಿಂದ ಚಿಲಕ ಹಾಕ್ಬೇಕು."

ಕನ್ನಡದಲ್ಲಿ. ನಿಶ್ಮಿತಕ್ಕ ಕುರ್ಚಿಯಲ್ಲಿ ನೆಟ್ಟಗಾಗಿ ಕಾಲು ಮಡಚಿಕೊಂಡಳು. ನಾನೂ ನಿಂತಲ್ಲೇ ನೆಟ್ಟಗಾದೆ.

"ಹಾಕ್ತೀಯಾ ಇಲ್ವಾ?"

"ಹಾಕ್ತೇನೆ ಅಮ್ಮ."

"ಎಂತ ಹಾಕುದು ನೀನು? ಚಿಲಕ ಉಂಟಾ ಅಲ್ಲಿ? ನೋಡಿದ್ದೀಯಾ? ಎದ್ದು ನೋಡಿ ಬರ್ತಾಳಂತೆ. ನೋಡಿದ್ರೆ ಸಾಲದು, ಎಳೆದು ನೋಡ್ಬೇಕು. ಕಿಟಿಕಿ ಹಾಕ್ಬೇಕು, ಗ್ಯಾಸು ನೋಡ್ಬೇಕು, ಫೋನು ದೂರ ಇಡ್ಬೇಕು."

ರೋಶನಿನ ಬೆರಳುಗಳು ಕುರ್ಚಿಯ ಕೈಯ ಮೇಲೆ ತಮ್ಮಷ್ಟಕ್ಕೆ ಅವಳ ಮಾತಿಗೆ ತಾಳ ಹಾಕತೊಡಗಿದ್ದವು. ದೊಡ್ಡಮ್ಮ ಮಾತು ನಿಲ್ಲಿಸಿ ಅವನನ್ನು ದುರುಗುಟ್ಟಿ ನೋಡಿದಳು. ಅವನು ಹೆದರಿ ಕೈ ಹಿಂದೆಳೆದುಕೊಂಡ.

"ನಿಲ್ಸಿದ್ದು ಯಾಕೆ?" ಎಂದು ಅವನನ್ನು ಕೇಳಿದಳು ದೊಡ್ಡಮ್ಮ. ಅವನು ಮತ್ತೆ ಬಾರಿಸಲು ಶುರುಮಾಡುವವರೆಗೆ ಕಾದು, ಚೀಲ ಕೆಳಗಿಟ್ಟು, ಮುಂದಿನದನ್ನು ಹೇಳತೊಡಗಿದಳು.